ಸಹಿಯ ಮೇಲಿನ ಜಾಗ

ಅತ್ತೆಯ ಔಷಧಿ ಚೀಟಿಯೊಂದು ಇನ್ನೂ ನನ್ನ ಬಳಿ ಇದೆ. ಬೆಂಗಳೂರಿನ ಆಸ್ಪತ್ರೆಯೊಂದರದು. ನಾಲ್ಕಾಗಿ ಮಡಚಿ ಮಡಚಿ ಮಡಿಕೆಗಳಲ್ಲಿ ಸವೆದಿದೆ. ಮಾರ್ಫಿನ್ 10 ಮಿ.ಗ್ರಾಂ., ನಾಲ್ಕು ಗಂಟೆಗೊಂದು, ಹತ್ತು ದಿನಕ್ಕೆ ಎಂದು ಬರೆದಿದೆ. ಕೆಳಗೆ ವೈದ್ಯರ ಸಹಿ. ಸಹಿಯ ಮೇಲೆ ಆಸ್ಪತ್ರೆಯ ಔಷಧಾಲಯದ ನೇರಳೆ ಬಣ್ಣದ ಮೊಹರು, ಪಕ್ಕದಲ್ಲಿ ತಾರೀಖು.

2019ರ ಬೇಸಿಗೆಯಲ್ಲಿ ಆ ಮಾತ್ರೆಗಳು ಮುಗಿಯುತ್ತ ಬಂದಾಗ ಈ ಚೀಟಿ ಹಿಡಿದು ಗುಂಡ್ಲುಪೇಟೆಗೆ ಹೋದೆ. ಅತ್ತೆಯ ಊರು ಅಲ್ಲಿಂದ ಎಂಟು ಕಿಲೋಮೀಟರ್. ಮೆಡಿಕಲ್ ಸ್ಟೋರಿನವರು ಪರಿಚಿತರು. ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಮೇಷ್ಟ್ರೇ, ಇದು ನಮ್ಮತ್ರ ಬರಲ್ಲ. ಬಂದ್ರೂವೆ ಈ ಚೀಟಿಗೆ ಕೊಡಂಗಿಲ್ಲ. ಒಂದ್ಸಲ ಮೊಹರು ಬಿದ್ದೋಗದ ನೋಡಿ" ಎಂದರು. ಚಾಮರಾಜನಗರಕ್ಕೆ ಹೋದೆ. ಅಲ್ಲಿ ಮೂರು ಅಂಗಡಿಗಳಲ್ಲಿ ಅದೇ ಉತ್ತರ ಬಂತು. ಒಬ್ಬರು ಮಾತ್ರ ಚೀಟಿಯನ್ನು ಮುಟ್ಟಲೂ ಇಲ್ಲ, ದೂರದಿಂದಲೇ ಓದಿ ತಲೆಯಾಡಿಸಿದರು.

ಆ ರಾತ್ರಿ ಅಮೆರಿಕದಿಂದ ಅತ್ತೆಯ ಮಗ ಫೋನ್ ಮಾಡಿದ. "ಬೆಂಗಳೂರಿನ ಪ್ರಿಸ್ಕ್ರಿಪ್ಷನ್ನನ್ನ ಗುಂಡ್ಲುಪೇಟೆ ಅಂಗಡಿಗೆ ಟ್ರಾನ್ಸ್‌ಫರ್ ಮಾಡ್ಸಕಾಗಲ್ವಾ?" ಎಂದು ಕೇಳಿದ. ಅವನಿರುವ ಕಡೆ ಒಂದು ಔಷಧಾಲಯದಿಂದ ಇನ್ನೊಂದಕ್ಕೆ ಚೀಟಿ ತಾನಾಗಿಯೇ ಹೋಗುತ್ತದಂತೆ. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಮರುದಿನ ಮೊದಲ ಬಸ್ಸಿಗೆ ನಾನೇ ಬೆಂಗಳೂರಿಗೆ ಟ್ರಾನ್ಸ್‌ಫರ್ ಆದೆ. ಇನ್ನೂರು ಕಿಲೋಮೀಟರ್ ಹೋಗುವಾಗ, ಇನ್ನೂರು ಬರುವಾಗ. ನಾನು ಹಿಂದಿರುಗುವಷ್ಟರಲ್ಲಿ ಅತ್ತೆಯ ಕೊನೆಯ ಮಾತ್ರೆ ಮುಗಿದು ಹದಿನಾಲ್ಕು ಗಂಟೆಯಾಗಿತ್ತು.

"ನೋವ ತಡ್ಕಬೌದು ಕನಪ್ಪ, ಗಡಿಯಾರ ನೋಡ್ಕಂಡ್ ಕೂರದ್ನ ತಡ್ಕಳಕಾಗಲ್ಲ" ಎಂದರು ಅತ್ತೆ. ಬೈಗುಳವಾಗಿ ಅಂದದ್ದಲ್ಲ, ಸುಮ್ಮನೆ ಹೇಳಿದ್ದು. ಇತಿಹಾಸ ಪಾಠ ಮಾಡುವವನು ನಾನು. ಹದಿನಾಲ್ಕು ಗಂಟೆಯ ಆ ಅಂತರ ಎಲ್ಲಿಂದ ಬಂತೆಂದು ಹುಡುಕಲು ಹೊರಟಿದ್ದು ಆಗಲೇ.

ಮಾರ್ಫಿನ್ ಹುಟ್ಟುವ ಗಿಡ ನಮಗೆ ಅಪರಿಚಿತವಲ್ಲ. ಅದರ ಬೀಜ ನಮ್ಮ ಅಡುಗೆಮನೆಯ ಡಬ್ಬಿಯಲ್ಲಿದೆ: ಗಸಗಸೆ. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಜಗಲಿಯಲ್ಲಿ ಗೊರಕೆ ಹೊಡೆಯುವವರನ್ನು ನೋಡಿ ನಗದವರುಂಟೇ? 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎಲ್ಲರೂ ಎನ್‌ಡಿಪಿಎಸ್ ಎಂದು ಕರೆಯುವ ಕಾಯ್ದೆ, ಕೊಯ್ಲಾದ ಗಸಗಸೆ ಗಿಡದ ಎಲ್ಲ ಭಾಗಗಳನ್ನೂ ತನ್ನ ಹಿಡಿತಕ್ಕೆ ತೆಗೆದುಕೊಳ್ಳುವಾಗ ಬೀಜವೊಂದನ್ನು ಹೊರಗಿಟ್ಟಿದೆ. ನಮ್ಮ ಪಾಯಸ ಉಳಿದದ್ದು ಹೀಗೆ. ಅದೇ ಗಿಡದ ಹಸಿಕಾಯನ್ನು ಗೀರಿದರೆ ಒಸರುವ ಹಾಲು ಗಟ್ಟಿಯಾದಾಗ ಅಫೀಮು. 19ನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಔಷಧಾಲಯವೊಂದರಲ್ಲಿ ಕೆಲಸಕ್ಕಿದ್ದ ಫ್ರೀಡ್ರಿಕ್ ಸೆರ್ಟ್ಯೂರ್ನರ್ ಎಂಬ ಯುವಕ ಆ ಅಫೀಮಿನಿಂದ ಬೇರ್ಪಡಿಸಿದ ಬಿಳಿಯ ಹರಳೇ ಮಾರ್ಫಿನ್.

ವಿಷ ಮತ್ತು ಮದ್ದು ಒಂದೇ ಬುಟ್ಟಿಯಲ್ಲಿರುತ್ತವೆ ಎಂಬ ತಿಳಿವಳಿಕೆಗೆ ಕನ್ನಡ ಹೊಸದಲ್ಲ. 14ನೇ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ' ಎಂಬ ಇಡೀ ಗ್ರಂಥವನ್ನೇ ವಿಷ ಮತ್ತು ವಿಷವೈದ್ಯದ ಮೇಲೆ ಬರೆದ, ಅದೂ ಪದ್ಯದಲ್ಲಿ. ಆದರೆ ಯಾವುದು ಎಷ್ಟು, ಯಾರಿಗೆ, ಯಾರು ಕೊಡಬೇಕು ಎಂಬುದನ್ನು ಆಗ ತೀರ್ಮಾನಿಸುತ್ತಿದ್ದದ್ದು ಪಂಡಿತನ ತಿಳಿವಳಿಕೆ. ಅದು ಸರ್ಕಾರದ ಕಾಗದದ ಕೆಲಸವಾದದ್ದು ಬಹಳ ಈಚೆಗೆ.

ಮೊದಲು ಬಂದ ಕಾಗದವೂ ರೋಗಿಗಾಗಿ ಬಂದದ್ದಲ್ಲ, ಬೊಕ್ಕಸಕ್ಕಾಗಿ ಬಂದದ್ದು. 1857ರ ಮತ್ತು 1878ರ ಅಫೀಮು ಕಾಯ್ದೆಗಳು ಬ್ರಿಟಿಷ್ ಇಂಡಿಯಾದಲ್ಲಿ ಗಸಗಸೆ ಬೆಳೆಯುವವರಿಂದ ಅಫೀಮು ಮಾರುವವರವರೆಗೆ ಎಲ್ಲರಿಗೂ ಪರವಾನಗಿಯ ಹಗ್ಗ ಕಟ್ಟಿದವು. ಗಾಜಿಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಅಫೀಮು ಚೀನಾಕ್ಕೆ ಹಡಗಿನಲ್ಲಿ ಹೋಗುತ್ತಿತ್ತು. ಉಳಿದದ್ದು ದೇಶದೊಳಗೆ ಪರವಾನಗಿ ಪಡೆದ ಅಂಗಡಿಗಳಲ್ಲಿ ತೂಕಕ್ಕೆ ಸಿಗುತ್ತಿತ್ತು. ವೈದ್ಯರ ಚೀಟಿ ಬೇಕಿರಲಿಲ್ಲ. ಕೆಮ್ಮಿಗೆ, ಭೇದಿಗೆ, ಕೀಲುನೋವಿಗೆ ಜನ ಕೊಂಡು ತಿನ್ನುತ್ತಿದ್ದರು. ಕೂಲಿಗೆ ಹೋಗುವ ತಾಯಂದಿರು ಅಳುವ ಕೂಸಿಗೆ ಚೂರು ನೆಕ್ಕಿಸಿ ಮಲಗಿಸುವುದೂ ದೇಶದ ಹಲವೆಡೆ ಇತ್ತು. 1893ರಲ್ಲಿ ನೇಮಕವಾದ ರಾಯಲ್ ಅಫೀಮು ಆಯೋಗ ಊರೂರು ತಿರುಗಿ ಸಾಕ್ಷ್ಯ ಕೇಳಿ, 1895ರಲ್ಲಿ ನಿಷೇಧದ ಅಗತ್ಯ ಕಾಣುವುದಿಲ್ಲವೆಂಬ ತೀರ್ಮಾನಕ್ಕೆ ಬಂತು. ಆದಾಯದ ಲೆಕ್ಕ ಅದರ ಕಣ್ಣಮುಂದೆಯೇ ಇತ್ತು.

ಅಂದರೆ ನನ್ನ ಅತ್ತೆಯ ಅಜ್ಜಿಯ ಕಾಲದಲ್ಲಿ ನೋವಿಗೆ ಅಫೀಮು ಸಿಗುವುದು ಕಷ್ಟವಿರಲಿಲ್ಲ, ಅದರಿಂದ ಹಾಳಾಗುವುದೂ ಕಷ್ಟವಿರಲಿಲ್ಲ. ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಿಯಂತ್ರಣ ಬಂದದ್ದಕ್ಕೆ ಕಾರಣವಿತ್ತು.

ಆ ನಿಯಂತ್ರಣ ಹೊರಗಿನಿಂದ ಬಂತು. 1912ರ ಹೇಗ್ ಒಪ್ಪಂದ ಅಫೀಮು, ಮಾರ್ಫಿನ್, ಕೊಕೇನ್‌ಗಳನ್ನು ವೈದ್ಯಕೀಯ ಮತ್ತು ನ್ಯಾಯಯುತ ಬಳಕೆಗೆ ಸೀಮಿತಗೊಳಿಸುವ ದಾರಿ ಹಿಡಿಯಿತು. 1925ರ ಜಿನೀವಾ ಒಪ್ಪಂದ ಇನ್ನೊಂದು ಹೆಜ್ಜೆ ಇಟ್ಟಿತು: ಒಂದು ದೇಶದಿಂದ ಇನ್ನೊಂದಕ್ಕೆ ಇವು ಹೋಗಬೇಕಾದರೆ ಕೊಳ್ಳುವ ದೇಶ ಆಮದು ಪತ್ರ ಕೊಡಬೇಕು, ಅದನ್ನು ನೋಡಿ ಮಾರುವ ದೇಶ ರಫ್ತು ಪತ್ರ ಕೊಡಬೇಕು. ಎರಡು ಕಡೆಯ ಎರಡು ಕಾಗದ ಕೂಡಿದಾಗ ಮಾತ್ರ ಪೆಟ್ಟಿಗೆ ಅಲುಗಬಹುದು. ಈ ಜೋಡಿ ಕಾಗದದ ಉಪಾಯವನ್ನು ನೆನಪಿಟ್ಟುಕೊಳ್ಳಿ. ದೇಶ ದೇಶಗಳ ನಡುವೆ ಹುಟ್ಟಿದ ಇದು ಮುಂದೆ ನಮ್ಮ ರಾಜ್ಯ ರಾಜ್ಯಗಳ ನಡುವೆಯೂ ಬಂದು ಕೂತಿತು. ಜಿನೀವಾದ ಮಾತನ್ನು ಭಾರತದಲ್ಲಿ ಜಾರಿಗೆ ತಂದದ್ದು 1930ರ ಅಪಾಯಕಾರಿ ಮದ್ದುಗಳ ಕಾಯ್ದೆ.

ಅದೇ ವರ್ಷ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ರಚನೆಯಾಯಿತು. ಮಾರುಕಟ್ಟೆಯ ಕಲಬೆರಕೆ, ಕಳಪೆ ಔಷಧಗಳನ್ನು ಕಂಡು ಅದು ಮಾಡಿದ ಶಿಫಾರಸುಗಳ ಫಲವಾಗಿ 1940ರ ಔಷಧ ಕಾಯ್ದೆ, 1945ರ ನಿಯಮಗಳು ಬಂದವು. ಗುಂಡ್ಲುಪೇಟೆಯ ಅಂಗಡಿಯವರು ನನಗೆ ಹೇಳಿದ ಮಾತಿನ ಅರ್ಧ ಇರುವುದು ಈ ನಿಯಮಗಳ 65ನೇ ಸಂಖ್ಯೆಯಲ್ಲಿ. ಚೀಟಿ ಬರಹದಲ್ಲಿರಬೇಕು, ವೈದ್ಯರ ಎಂದಿನ ಸಹಿ ಮತ್ತು ತಾರೀಖು ಇರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಒಟ್ಟು ಎಷ್ಟು ಔಷಧ ಮತ್ತು ಒಂದು ಸಲಕ್ಕೆ ಎಷ್ಟು ಎಂದಿರಬೇಕು. ವೈದ್ಯರೇ ಮತ್ತೆ ಕೊಡಬಹುದೆಂದು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟ ಕೂಡಲೇ ಮಾರಿದವರ ಹೆಸರು, ವಿಳಾಸ, ತಾರೀಖನ್ನು ಚೀಟಿಯ ಮೇಲೆ, ಅದೂ ವೈದ್ಯರ ಸಹಿಯ ಮೇಲ್ಭಾಗದಲ್ಲಿ, ಗುರುತು ಹಾಕಬೇಕು.

ಎಷ್ಟು ಜಾಣತನದ ನಿಯಮ ಇದು! ಕಂಪ್ಯೂಟರ್ ಇಲ್ಲದ, ಅಂಗಡಿಗೂ ಅಂಗಡಿಗೂ ಸಂಪರ್ಕವಿಲ್ಲದ ಕಾಲದಲ್ಲಿ ಚೀಟಿಯೇ ತನ್ನ ಚರಿತ್ರೆಯನ್ನು ಮೈಮೇಲೆ ಹೊತ್ತು ತಿರುಗುತ್ತದೆ. ಚಾಮರಾಜನಗರದಲ್ಲಿ ಕೊಂಡವನು ಅದೇ ಚೀಟಿ ಹಿಡಿದು ಗುಂಡ್ಲುಪೇಟೆಗೆ ಬಂದರೆ ಸಹಿಯ ಮೇಲಿನ ಜಾಗವೇ ಹೇಳಿಬಿಡುತ್ತದೆ. ನಮ್ಮಲ್ಲಿ ಚೀಟಿಯನ್ನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಏರ್ಪಾಡು ಬೆಳೆಯದಿದ್ದುದು ಇದರಿಂದಲೇ ಇರಬೇಕು. ಚೀಟಿ ರೋಗಿಯ ಕೈಯಲ್ಲಿರುತ್ತದೆ, ರೋಗಿ ಹೋದಲ್ಲಿ ಅದೂ ಹೋಗುತ್ತದೆ.

ಮುಂದೆ ಈ ನಿಯಮದ ಮೇಲೆ ಪದರಗಳು ಕೂಡುತ್ತ ಹೋದವು. 1982ರಲ್ಲಿ ಎಕ್ಸ್ ಪಟ್ಟಿ ಬಂತು: ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಔಷಧ ಬೀಗದ ಕಪಾಟಿನಲ್ಲಿರಬೇಕು. 2014ರ ಮಾರ್ಚ್ 1ರಿಂದ ಎಚ್1 ಪಟ್ಟಿ ಜಾರಿಯಾಯಿತು: ಕೆಲವು ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಆಲ್ಪ್ರಜೋಲಾಂ, ಟ್ರಮಡಾಲ್‌ನಂಥವು ಸೇರಿ 46 ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರ್, ಅದನ್ನು ಮೂರು ವರ್ಷ ಕಾಪಾಡಬೇಕು. ಇವೆಲ್ಲ ಅಂಗಡಿಯವರಿಗೆ ಹೊರೆ, ಆದರೆ ನಿಭಾಯಿಸಬಹುದಾದ ಹೊರೆ. ಮಾರ್ಫಿನ್ನಿನ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು.

ಆ ದಾರಿಯನ್ನು ಅರಿಯಲು ಗುಂಡ್ಲುಪೇಟೆಯ ಮೂಲಕ ಹೋಗುವ ಹೆದ್ದಾರಿಯನ್ನೇ ನೋಡಬೇಕು. ಈಗಿನ 766ನೇ ರಾಷ್ಟ್ರೀಯ ಹೆದ್ದಾರಿ ಕೋಯಿಕ್ಕೋಡಿನಲ್ಲಿ ಹುಟ್ಟಿ, ವಯನಾಡು ಹತ್ತಿ, ಮುತ್ತಂಗದ ಕಾಡು ಬಂಡೀಪುರದ ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳ ಮೂಲಕ ಕೊಳ್ಳೇಗಾಲದಲ್ಲಿ ಮುಗಿಯುತ್ತದೆ. 1956ರ ಮೊದಲು ಇದರ ಎರಡು ತುದಿಗಳೂ ಮದ್ರಾಸಿಗೆ ಸೇರಿದ್ದವು. ಕೋಯಿಕ್ಕೋಡು ಮಲಬಾರ್ ಜಿಲ್ಲೆ, ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ. ನಡುವಿನ ತುಂಡು ಮಾತ್ರ ಮೈಸೂರಿನದು. ಇಂದು ಒಂದೇ ಜಿಲ್ಲೆಯಲ್ಲಿರುವ ಗುಂಡ್ಲುಪೇಟೆ ಮತ್ತು ಕೊಳ್ಳೇಗಾಲ ಅಂದು ಎರಡು ಸರ್ಕಾರಗಳ, ಎರಡು ಅಬ್ಕಾರಿ ಇಲಾಖೆಗಳ ಕೆಳಗಿದ್ದವು. 1956ರಲ್ಲಿ ಭಾಷೆಯ ಗೆರೆ ಎಳೆದಾಗ ಕೊಳ್ಳೇಗಾಲ ನಮ್ಮ ಕಡೆ ಬಂತು, ವಯನಾಡು ಕೇರಳಕ್ಕೆ ಹೋಯಿತು, ನೀಲಗಿರಿ ಮದ್ರಾಸಿನಲ್ಲೇ ಉಳಿಯಿತು. ಗುಂಡ್ಲುಪೇಟೆ ಮೂರು ರಾಜ್ಯ ಕೂಡುವ ಕಡೆಯ ಊರಾಯಿತು. ಮೈಸೂರಿನಿಂದ ಬೇರೆಯಾಗಿ 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಅದಕ್ಕೆ ಸಿಕ್ಕಿದ್ದೂ ಈ ಗಡಿಗಳೇ.

ಈ ಗಡಿಗಳಿಗೂ ಮಾರ್ಫಿನ್ನಿಗೂ ಏನು ಸಂಬಂಧ? 1985ರ ನವೆಂಬರ್ 14ರಂದು ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದು 1857, 1878, 1930ರ ಮೂರೂ ಹಳೆಯ ಕಾಯ್ದೆಗಳನ್ನು ರದ್ದುಮಾಡಿತು. ವೈದ್ಯಕೀಯ ಬಳಕೆಗೆ ಅದರಲ್ಲಿ ಅವಕಾಶವಿತ್ತು, ಆದರೆ ಅದರ ನಿಯಮ ಮಾಡುವ ಕೆಲಸ ರಾಜ್ಯಗಳದು. ಒಂದೊಂದು ರಾಜ್ಯ ಒಂದೊಂದು ಬಗೆಯಲ್ಲಿ ನಿಯಮ ಬರೆಯಿತು. ಇಟ್ಟುಕೊಳ್ಳಲು ಒಂದು ಪರವಾನಗಿ, ತರಿಸಿಕೊಳ್ಳಲು ಒಂದು, ಕಳಿಸುವ ರಾಜ್ಯದ ರಫ್ತು ಅನುಮತಿ ಒಂದು, ಸಾಗಾಟಕ್ಕೆ ಮತ್ತೊಂದು. ಕೆಲವು ಅಬ್ಕಾರಿ ಇಲಾಖೆಯದು, ಕೆಲವು ಔಷಧ ನಿಯಂತ್ರಣ ಇಲಾಖೆಯದು. ಎಲ್ಲವೂ ಒಂದೇ ಕಾಲಕ್ಕೆ ಜೀವಂತವಿರಬೇಕು. ನಾಲ್ಕನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ತೀರುತ್ತಿತ್ತು. ಜಿನೀವಾದ ಜೋಡಿ ಕಾಗದ ಇಲ್ಲಿ ನಾಲ್ಕೈದಾಗಿ ಬೆಳೆದಿತ್ತು.

ಇದರ ಮೇಲೆ ಭಯ. ಕಾಯ್ದೆಯಲ್ಲಿ ಮಾರ್ಫಿನ್ ಸಂಬಂಧದ ಅಪರಾಧಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ, ಕನಿಷ್ಠ ದಂಡ ಒಂದು ಲಕ್ಷ ರೂಪಾಯಿ. ಪ್ರಮಾಣ ನೋಡಿ ಶಿಕ್ಷೆ ಹೇಳುವ ತಿದ್ದುಪಡಿ ಬಂದದ್ದು 2001ರಲ್ಲಿ. ಅಲ್ಲಿಯವರೆಗೆ ಲೆಕ್ಕದಲ್ಲಿ ಹತ್ತು ಮಾತ್ರೆ ಹೆಚ್ಚುಕಡಿಮೆಯಾದರೂ ಏನಾದೀತೋ ಎಂದು ಆಸ್ಪತ್ರೆಗಳು, ಅಂಗಡಿಗಳು ಹೆದರಿದವು. ಹೆದರಿದವರು ಮಾಡುವ ಸುಲಭದ ಕೆಲಸವೆಂದರೆ ಇಡದಿರುವುದು. 1985ರ ನಂತರ ದೇಶದಲ್ಲಿ ಔಷಧವಾಗಿ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿದು 1997ರಲ್ಲಿ ವರ್ಷಕ್ಕೆ ಬರೀ 18 ಕಿಲೋಗ್ರಾಂಗೆ ಇಳಿಯಿತು. ನೂರು ಕೋಟಿಗೆ ಹತ್ತಿರವಿದ್ದ ಜನಸಂಖ್ಯೆಗೆ ಹದಿನೆಂಟು ಕಿಲೋ! ಇದೇ ದೇಶ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರಿ ಪರವಾನಗಿಯಡಿ ಗಸಗಸೆ ಬೆಳೆಸಿ, ಗಾಜಿಪುರ ಮತ್ತು ನೀಮಚ್‌ನ ಕಾರ್ಖಾನೆಗಳಲ್ಲಿ ಅಫೀಮು ಸಂಸ್ಕರಿಸಿ ಹೊರದೇಶಗಳ ಔಷಧ ಕಂಪನಿಗಳಿಗೆ ಕಳಿಸುತ್ತಿತ್ತು. ಆ ದೇಶಗಳ ರೋಗಿಗಳ ನೋವು ಇಳಿಸಿದ ಅಫೀಮು ನಮ್ಮದು.

ಒಂದು ಪೀಳಿಗೆಯ ವೈದ್ಯರು ಮಾರ್ಫಿನ್ ಬರೆಯುವುದನ್ನೇ ಕಲಿಯದೆ ಹೊರಬಂದರು. ಇದು ಅಂಕಿಯಲ್ಲಿ ಕಾಣದ ನಷ್ಟ. ನಿಯಮವನ್ನು ಒಂದು ದಿನದಲ್ಲಿ ತಿದ್ದಬಹುದು, ಕೈಬಿಟ್ಟ ರೂಢಿಯನ್ನು ಮತ್ತೆ ಕಲಿಸಲು ಹಾಗಾಗದು.

ಬದಲಾವಣೆಯ ಒಂದು ತುದಿ ಇದ್ದದ್ದು ನಮ್ಮ ಇದೇ ಹೆದ್ದಾರಿಯ ಆ ಕೊನೆಯಲ್ಲಿ. 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವು ಮತ್ತು ಉಪಶಮನ ಆರೈಕೆಯ ಸಂಸ್ಥೆಯೊಂದನ್ನು ಕಟ್ಟಿದರು. ಗುಣವಾಗದ ರೋಗಿಗೂ ನೋವಿಲ್ಲದ ದಿನಗಳನ್ನು ಕೊಡಬಹುದು ಎಂಬುದು ಅವರ ನಿಲುವು. ಊರಿನ ಸ್ವಯಂಸೇವಕರು ಮನೆಮನೆಗೆ ಹೋಗಿ ಆರೈಕೆ ಮಾಡುವ ಜಾಲ ಅಲ್ಲಿಂದ ಕೇರಳದುದ್ದಕ್ಕೂ ಹಬ್ಬಿತು. 2008ರಲ್ಲಿ ಕೇರಳ ಉಪಶಮನ ಆರೈಕೆಗೆ ರಾಜ್ಯನೀತಿಯನ್ನೇ ರೂಪಿಸಿತು, ಅದು ದೇಶದಲ್ಲಿ ಮೊದಲನೆಯದು. ಬೆಂಗಳೂರಿನಲ್ಲೂ 1994ರಲ್ಲಿ ಹಾಸ್ಪೈಸ್ ಟ್ರಸ್ಟ್ ಹುಟ್ಟಿ ಕರುಣಾಶ್ರಯವನ್ನು ಕಟ್ಟಿತು. ಗುಂಡ್ಲುಪೇಟೆಯ ತರಕಾರಿ, ಓಣಂ ಹೊತ್ತಿನ ಚೆಂಡುಹೂವು ದಿನವೂ ಘಟ್ಟ ಇಳಿದು ಕೇರಳಕ್ಕೆ ಹೋಗುತ್ತವೆ. ಆ ಕಡೆಯಿಂದ ಈ ಒಂದು ರೂಢಿ ಮಾತ್ರ ಘಟ್ಟ ಹತ್ತಿ ಬರುವುದು ತಡವಾಯಿತು. ರೂಢಿಗೆ ಗಡಿಯಿಲ್ಲ ನಿಜ, ಆದರೆ ಅದರ ಜೊತೆಗೆ ಬರಬೇಕಾದ ಮಾತ್ರೆಗೆ ಇತ್ತು.

1998ರಲ್ಲಿ ಕೇಂದ್ರ ಸರ್ಕಾರ ಸರಳ ಮಾದರಿ ನಿಯಮವನ್ನು ರಾಜ್ಯಗಳಿಗೆ ಕಳಿಸಿತು. ಕೆಲವು ಒಪ್ಪಿದವು, ಕೆಲವು ಸುಮ್ಮನಿದ್ದವು. ಕೊನೆಗೆ 2014ರ ಫೆಬ್ರವರಿಯಲ್ಲಿ ಸಂಸತ್ತು ಕಾಯ್ದೆಗೇ ತಿದ್ದುಪಡಿ ತಂದಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್, ಹೈಡ್ರೋಕೋಡೋನ್ ಈ ಆರನ್ನು ಅತ್ಯಾವಶ್ಯಕ ಮಾದಕ ಔಷಧಗಳೆಂದು ಗುರುತಿಸಿ, ಇವುಗಳ ನಿಯಮ ಇಡೀ ದೇಶಕ್ಕೆ ಒಂದೇ ಎಂದಿತು. 2015ರ ಮೇ ತಿಂಗಳಲ್ಲಿ ಬಂದ ನಿಯಮಗಳ ಪ್ರಕಾರ ಆಸ್ಪತ್ರೆಯೊಂದು ಹೋಗಬೇಕಾದದ್ದು ಒಬ್ಬರ ಬಳಿಗೆ, ರಾಜ್ಯದ ಔಷಧ ನಿಯಂತ್ರಕರ ಬಳಿಗೆ. ತರಬೇತಿ ಪಡೆದ ವೈದ್ಯರು, ಲೆಕ್ಕ ಬರೆಯುವ ಶಿಸ್ತು, ವರ್ಷಕ್ಕೆ ಎಷ್ಟು ಬೇಕೆಂಬ ಅಂದಾಜು ಇದ್ದರೆ ಅದು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಯಾಗಿ ಮಾರ್ಫಿನ್ ತರಿಸಿ ಕೊಡಬಹುದು.

ಅಂದರೆ 2019ರಲ್ಲಿ ನಾನು ಬಸ್ಸು ಹತ್ತಿದಾಗ ಕಾಯ್ದೆ ಬದಲಾಗಿ ಐದು ವರ್ಷವಾಗಿತ್ತು. ಜೋಡಿ ಕಾಗದದ ಕಾಟ ಮುಗಿದಿತ್ತು. ಉಳಿದದ್ದು ಹಳೆಯ ಭಯ, ಮತ್ತು ಯಾರೂ ಅರ್ಜಿ ಹಾಕದ ಒಂದು ನಮೂನೆ. ನನ್ನ ಮುಂದೆ ತಲೆಯಾಡಿಸಿದ ಅಂಗಡಿಯವರ ಮೇಲೆ ನನಗೀಗ ಸಿಟ್ಟಿಲ್ಲ. ಪರವಾನಗಿಯಿಲ್ಲದೆ, ಮೊಹರು ಬಿದ್ದ ಚೀಟಿಗೆ ಅವರು ಕೊಟ್ಟಿದ್ದರೆ ತಪ್ಪಾಗುತ್ತಿತ್ತು. ಕೊಡಲು ಸರಿಯಾದ ಜಾಗವೊಂದು ಹತ್ತಿರದಲ್ಲಿ ಸಿಗಲಿಲ್ಲ ಎಂಬುದೇ ನನ್ನ ದೂರು.

ಅತ್ತೆಯ ಮಗನ ಪ್ರಶ್ನೆಗೂ ಉತ್ತರ ಸಿಕ್ಕಿತು. ಅವನು ಹೇಳಿದ ವರ್ಗಾವಣೆ ಅಲ್ಲಿ ಸಾಮಾನ್ಯ ಔಷಧಗಳಿಗಿತ್ತು. ಮಾರ್ಫಿನ್ ಸೇರಿರುವ ಅಲ್ಲಿನ ಎರಡನೆಯ ಪಟ್ಟಿಗೆ ಆಗ ಇರಲಿಲ್ಲ. 2023ರ ಆಗಸ್ಟ್ 28ರಿಂದಷ್ಟೇ, ಇನ್ನೂ ಔಷಧ ಕೊಡದ ಎಲೆಕ್ಟ್ರಾನಿಕ್ ಚೀಟಿಯನ್ನು ರೋಗಿ ಕೇಳಿದರೆ ಒಂದು ಸಲ ಬೇರೆ ಔಷಧಾಲಯಕ್ಕೆ ಕಳಿಸಬಹುದೆಂಬ ನಿಯಮ ಬಂತು. ಅದೂ ಒಂದೇ ಸಲ. ಅಲ್ಲಿಯೂ ಇಲ್ಲಿಯೂ ಕಾನೂನು ಎದುರಿಸುತ್ತಿರುವ ಪ್ರಶ್ನೆ ಒಂದೇ: ದುರ್ಬಳಕೆಯ ಬಾಗಿಲು ಮುಚ್ಚುವಾಗ ರೋಗಿಯ ಬಾಗಿಲನ್ನೂ ಮುಚ್ಚದಿರುವುದು ಹೇಗೆ? ಅಮೆರಿಕ ನೋವಿನ ಮಾತ್ರೆಗಳನ್ನು ಸಡಿಲವಾಗಿ ಬಿಟ್ಟು ಲಕ್ಷಾಂತರ ಜೀವ ಕಳೆದುಕೊಂಡ ದೇಶ. ನಾವು ಬಿಗಿಯಾಗಿ ಹಿಡಿದು, ಸಾಯುವವರನ್ನು ನರಳಲು ಬಿಟ್ಟ ದೇಶ.

2020ರಲ್ಲಿ ಕೊರೋನಾ ಬಂದು ಗಡಿಗಳು ಮುಚ್ಚಿದವು. ಮಾರ್ಚ್ 25ರಂದು ಹೊರಬಂದ ದೂರವೈದ್ಯದ ಮಾರ್ಗಸೂಚಿ ಫೋನಿನಲ್ಲೇ ನೋಡಿ ಔಷಧ ಬರೆಯಲು ವೈದ್ಯರಿಗೆ ಅವಕಾಶ ಕೊಟ್ಟಿತು, ಆದರೆ ಎಕ್ಸ್ ಪಟ್ಟಿಯ ಮತ್ತು ಎನ್‌ಡಿಪಿಎಸ್ ವ್ಯಾಪ್ತಿಯ ಔಷಧಗಳನ್ನು ಹೊರಗಿಟ್ಟಿತು. ಆ ವೇಳೆಗೆ ಅತ್ತೆ ತೀರಿಹೋಗಿದ್ದರು. ಬಸ್ಸೂ ಇಲ್ಲದ ಆ ದಿನಗಳಲ್ಲಿ ಅವರಂಥವರು ಎಷ್ಟು ಜನ ಗಡಿಯಾರ ನೋಡುತ್ತ ಕೂತಿದ್ದರೋ ಎಂದು ಯೋಚಿಸಿದ್ದೇನೆ. ಕ್ಯಾನ್ಸರ್ ಒಂದೇ ಅಲ್ಲ. ವಯನಾಡು, ಗೂಡಲೂರು, ಬಿಳಿಗಿರಿರಂಗನ ಬೆಟ್ಟದ ಸುತ್ತಿನ ಬುಡಕಟ್ಟು ಜನರಲ್ಲಿ ಕುಡುಗೋಲು ಕಣ ರೋಗವಿದೆ. ಅದರ ನೋವು ಕೆರಳಿದಾಗ ಮೂಳೆಮೂಳೆಯೂ ಕಿತ್ತುಹೋಗುವಂತಾಗುತ್ತದೆ, ತೀವ್ರವಾದಾಗ ಮಾರ್ಫಿನ್ನಿನಂಥ ಔಷಧವೇ ಬೇಕು. ಹಾಡಿಯಿಂದ ಬೆಂಗಳೂರಿಗೆ ಹೋಗಿ ಬರುವಷ್ಟು ಹೊತ್ತು ಆ ನೋವು ಕಾಯುವುದಿಲ್ಲ.

ಗುಂಡ್ಲುಪೇಟೆಗೆ ಹೋದಾಗ ಈಗಲೂ ಆ ಮೆಡಿಕಲ್ ಸ್ಟೋರಿಗೆ ಹೋಗುತ್ತೇನೆ. ಈಚೆಗೆ ಒಮ್ಮೆ ಈ ಕಾಯ್ದೆಗಳ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ರಕ್ತದೊತ್ತಡದ ಮಾತ್ರೆ ಎಣಿಸುತ್ತಲೇ ಪೂರ್ತಿ ಕೇಳಿದರು. "ಅಷ್ಟೂ ಸರಿ ಮೇಷ್ಟ್ರೇ, ತಾಲ್ಲೂಕಾಸ್ಪತ್ರೆಲಿ ಒಬ್ರು ಡಾಕ್ಟ್ರು ಕಲ್ತ್ಕಂಡು ಆ ಅರ್ಜಿ ಹಾಕುದ್ರೆ ಆಯ್ತದಲ್ವಾ?" ಎಂದರು. ಆಗುತ್ತದೆ ಎಂದೆ. ನನ್ನ ಚೀಟಿಯ ಮೇಲೆ ತಮ್ಮ ಮೊಹರು ಒತ್ತಿ, ತಾರೀಖು ಬರೆದು, ಮಾತ್ರೆಯ ಜೊತೆ ವಾಪಸು ಕೊಟ್ಟರು.